ಟೇಪ್ ಲೈಬ್ರರಿಯ ರೋಬಾಟ್ ನಿಂತರೆ: ಸ್ವಿಚ್ಚಿಗೆ ಕೈ ಹಾಕುವ ಮುಂಚೆ

ಪುನರ್ವಸು ಮಳೆ ಹಿಡಿದು ಕೂತಿದ್ದ ಒಂದು ಸೋಮವಾರ ಬೆಳಿಗ್ಗೆ ಸಾಗರದಿಂದ ಫೋನ್ ಬಂತು.

‘ಸಾರ್, ಟೇಪ್ ಲೈಬ್ರರಿ ರೋಬಾಟ್ ಕೆಟ್ಟೋಗಿದೆ. ಕೆಂಪು ದೀಪ ಉರೀತಿದೆ.’

‘ಎಂಥ ಮಾಡಿದ್ರಿ?’

‘ಮೂರು ಸಲ ಆಫ್ ಮಾಡಿ ಆನ್ ಮಾಡಿದ್ವಿ ಸಾರ್. ಏನೂ ಆಗ್ಲಿಲ್ಲ.’

ಟೇಪ್ ಲೈಬ್ರರಿ ಅಂದರೆ ಬ್ಯಾಕಪ್ ಬರೆದಿಡುವ ಟೇಪ್‌ಗಳನ್ನು ಜೋಡಿಸಿಟ್ಟ ಪೆಟ್ಟಿಗೆ; ಅದರೊಳಗಿನ ರೋಬಾಟ್ ಕೈ ಬೇಕಾದ ಟೇಪನ್ನು ಅದರ ಗೂಡಿನಿಂದ (ಸ್ಲಾಟ್) ತೆಗೆದು, ಓದಿ ಬರೆಯುವ ಡ್ರೈವಿಗೆ ಹಾಕುತ್ತದೆ. ಆಗಬಾರದ್ದು ಅಷ್ಟರಲ್ಲೇ ಆಗಿಹೋಗಿತ್ತು. ಮೊದಲ ಸಲ ನಿಂತಾಗ ಕೈ ಎಲ್ಲಿತ್ತು, ಅದರ ಹಿಡಿತದಲ್ಲಿ ಟೇಪ್ ಇತ್ತೋ ಇಲ್ಲವೋ, ಪರದೆಯ ಮೇಲೆ ಮೊದಲು ಬಂದ ಎರರ್ ಕೋಡ್ ಯಾವುದು ಎಂಬ ಮೂರೂ ಗುರುತು ಅಳಿಸಿಹೋಗಿದ್ದವು. ಪ್ರತಿ ಸಲ ಆನ್ ಆದಾಗಲೂ ರೋಬಾಟ್ ತನ್ನ ಮೂಲೆಗೆ ಹೋಗಲು ಹೆಣಗಿ, ಸಿಕ್ಕಿಕೊಂಡಿದ್ದ ಟೇಪನ್ನು ಇನ್ನಷ್ಟು ಓರೆ ಮಾಡಿತ್ತು. ಶಿವಮೊಗ್ಗದಿಂದ 70 ಕಿಲೋಮೀಟರ್ ಮಳೆಯಲ್ಲಿ ಹೋಗಿ ನಾನು ನೋಡಿದ್ದು ಮೂರನೇ ಸಲದ ಅವಾಂತರವನ್ನು. ಮೊದಲನೆಯದು ಏನಾಗಿತ್ತು ಅಂತ ಊಹೆ ಮಾಡಬೇಕಾಯಿತು.

ಈ ಬರಹ ನಮ್ಮ ಕಡೆಯ ಸಹಕಾರ ಸಂಘ, ಕಾಲೇಜು, ಆಸ್ಪತ್ರೆಗಳ ಸರ್ವರ್ ಕೋಣೆಯಲ್ಲಿ 24ರಿಂದ 48 ಟೇಪ್ ಹಿಡಿಸುವ ಎಲ್‌ಟಿಒ (ಬ್ಯಾಕಪ್ ಟೇಪಿನ ಒಂದು ಮಾನದಂಡ) ಲೈಬ್ರರಿ ನೋಡಿಕೊಳ್ಳುವವರಿಗೆ. ಕಂಪನಿಯ ಎಂಜಿನಿಯರ್ ಬೆಂಗಳೂರಿನಿಂದ ಬರಬೇಕು. ಬೇಗ ಅಂದರೂ ಮರುದಿನ. ಅಷ್ಟರೊಳಗೆ ನೀವು ಏನು ಮಾಡಬಹುದು, ಏನಕ್ಕೆ ಕೈ ಹಾಕಬಾರದು ಅನ್ನುವುದು ಇಲ್ಲಿದೆ. ಮಾದರಿಯಿಂದ ಮಾದರಿಗೆ ಲಾಕು, ಸ್ಕ್ರೂಗಳ ಜಾಗ ಬೇರೆ ಇರುತ್ತದೆ. ಆದ್ದರಿಂದ ನಿಮ್ಮ ಯಂತ್ರದ ಕೈಪಿಡಿಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಿ.

ರೋಬಾಟಿಗೆ ತಾನೆಲ್ಲಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ

ಒಳಗಿರುವುದು ಬಹಳ ಸರಳ. ಹಲ್ಲಿನ ಪಟ್ಟಿಗಳನ್ನು ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಓಡಾಡುವ ಒಂದು ತಟ್ಟೆ. ನಾವು ರೋಬಾಟಿನ ಕೈ ಅನ್ನುವುದು ಇದನ್ನೇ. ಅದರ ಮೇಲೆ ಎರಡೂ ಪಕ್ಕದಲ್ಲಿರುವ, ಟೇಪ್ ಜೋಡಿಸಿಟ್ಟ ಮ್ಯಾಗಜೀನ್‌ಗಳ ಕಡೆಗೆ ತಿರುಗಿ ಟೇಪ್ ಎಳೆದುಕೊಳ್ಳುವ ಗ್ರಿಪ್ಪರ್. ಜೊತೆಗೆ ಬಾರ್‌ಕೋಡ್ ಓದುವ ಕಣ್ಣು. ಆನ್ ಆದ ತಕ್ಷಣ ಈ ತಟ್ಟೆ ಒಂದು ಮೂಲೆಗೆ ಹೋಗಿ ಹೋಮ್ ಸೆನ್ಸರನ್ನು ಹುಡುಕುತ್ತದೆ. ಅಲ್ಲಿಂದ ಮುಂದೆ ಮೋಟಾರಿಗೆ ಜೋಡಿಸಿದ ಎನ್‌ಕೋಡರ್ ಕೊಡುವ ಮಿಡಿತಗಳನ್ನು ಎಣಿಸುತ್ತಾ ಹೋಗುತ್ತದೆ. ಏಳನೇ ಸ್ಲಾಟ್ ಅಂದರೆ ಅದರ ಲೆಕ್ಕದಲ್ಲಿ ಹೋಮಿನಿಂದ ಇಂತಿಷ್ಟು ಮಿಡಿತ.

ಕರೆಂಟ್ ಹೋದ ರಾತ್ರಿ ಹೆಜ್ಜೆ ಎಣಿಸಿಕೊಂಡು ಬಚ್ಚಲುಮನೆಗೆ ಹೋಗುವ ಅಜ್ಜನ ಹಾಗೆ. ದಾರಿಯಲ್ಲಿ ಯಾರೋ ಅಡಿಕೆ ಚೀಲ ಇಟ್ಟಿದ್ದರೆ ಅಜ್ಜ ಮುಗ್ಗರಿಸುತ್ತಾನೆ. ಹಾಗಂತ ಅಜ್ಜನ ಕಾಲಿಗೆ ಪ್ಲಾಸ್ಟರ್ ಹಾಕಿಸಲು ಹೊರಡುವುದಿಲ್ಲವಲ್ಲ. ಪರದೆಯ ಮೇಲೆ ‘ರೋಬಾಟ್ ಫೇಲ್ಯೂರ್’ ಅಂತ ಬಂದರೆ ಅದರ ಅರ್ಥ ಇಷ್ಟೇ: ಮೋಟಾರ್ ತಿರುಗಿಸಿದೆ, ಬರಬೇಕಾದ ಎಣಿಕೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಕೈ ನಿಂತ ಜಾಗ.

ಹಂತ 1: ಹೆಪ್ಪುಗಟ್ಟಿದ ಹಾಗೆಯೇ ಬಿಟ್ಟು ನೋಡಿ

ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಕಾದು ಕೂತಿರುವ ಜಾಬ್‌ಗಳನ್ನು ಮೊದಲು ನಿಲ್ಲಿಸಿ. ಇಲ್ಲದಿದ್ದರೆ ನೀವು ಟಾರ್ಚ್ ಹಿಡಿದು ಬಗ್ಗಿದ ಹೊತ್ತಿಗೇ ಸಾಫ್ಟ್‌ವೇರ್ ಇನ್ನೊಂದು ಸಲ ಕೈಯನ್ನು ಓಡಿಸಲು ನೋಡುತ್ತದೆ.

ಆಮೇಲೆ ಪರದೆಯ ಫೋಟೊ ತೆಗೆಯಿರಿ. ಕೋಡ್ ಜೊತೆಗೆ ಸಮಯವೂ ಕಾಣಬೇಕು. ಲೈಬ್ರರಿಗೆ ವೆಬ್ ಪುಟ ಇದ್ದರೆ ಅಲ್ಲಿಂದ ಲಾಗ್ ಅಥವಾ ಸಪೋರ್ಟ್ ಫೈಲನ್ನು ಇಳಿಸಿಕೊಳ್ಳಿ. ಯಂತ್ರಕ್ಕೆ ಕಿಟಕಿ ಇದ್ದರೆ ಟಾರ್ಚ್ ಬೆಳಕು ಬಿಟ್ಟು ನೋಡಿ: ಕೈ ಯಾವ ಎತ್ತರದಲ್ಲಿದೆ? ಮ್ಯಾಗಜೀನಿನ ಎದುರೋ, ಡ್ರೈವಿನ ಎದುರೋ, ಎರಡರ ನಡುವೆಯೋ? ಗ್ರಿಪ್ಪರಿನಲ್ಲಿ ಟೇಪ್ ಇದೆಯೇ? ಇದ್ದರೆ ಪೂರ್ತಿ ಒಳಗಿದೆಯೋ, ಅರ್ಧ ಹೊರಗಿದೆಯೋ?

ಲಿನಕ್ಸ್ ಸರ್ವರ್ ಆದರೆ ಲೈಬ್ರರಿಗೆ ಆಜ್ಞೆ ಕೊಡುವ ಎಂಟಿಎಕ್ಸ್ ಎಂಬ ಸಾಫ್ಟ್‌ವೇರಿನ ಸ್ಟೇಟಸ್ ಆಜ್ಞೆ ಕೊಟ್ಟು, ಬಂದ ಉತ್ತರವನ್ನು ಫೈಲಿಗೆ ಹಾಕಿಡಿ. ಯಾವ ಸ್ಲಾಟಿನಲ್ಲಿ ಯಾವ ಟೇಪ್, ಡ್ರೈವಿನೊಳಗಿರುವುದು ಯಾವ ಸ್ಲಾಟಿನಿಂದ ಬಂದದ್ದು ಎಲ್ಲ ಅದರಲ್ಲಿ ಬರುತ್ತದೆ. ಸ್ಟೇಟಸ್ ಕೇಳಿದರೆ ಕೈ ಅಲ್ಲಾಡುವುದಿಲ್ಲ, ಹೆದರಬೇಡಿ. ಇನ್‌ವೆಂಟರಿ ಆಜ್ಞೆ ಮಾತ್ರ ಈಗ ಬೇಡ. ಒಳಗಿರುವ ಟೇಪ್‌ಗಳನ್ನು ಎಣಿಸಲು ಕೈ ಪ್ರತಿ ಸ್ಲಾಟಿಗೂ ಹೋಗಿ ಬರಲು ಹೊರಡಬಹುದು.

ಇಷ್ಟಕ್ಕೆ ಹತ್ತು ನಿಮಿಷ ಸಾಕು. ನಾನು ಹೋದ ಕಡೆಯಲ್ಲೆಲ್ಲ ಇದನ್ನು ಕಾಗದದಲ್ಲಿ ಬರೆದು ರ‍್ಯಾಕಿನ ಬಾಗಿಲಿಗೆ ಅಂಟಿಸಿ ಬರುತ್ತೇನೆ. ಆದರೂ ಅರ್ಧ ಜನ ಮೊದಲು ಸ್ವಿಚ್ಚಿಗೇ ಹೋಗುತ್ತಾರೆ.

ಹಂತ 2: ತಪ್ಪು ರೋಬಾಟಿನದೇ ಹೌದೇ?

ಎರರ್ ಬಂದಾಗ ಲಾಗಿನಲ್ಲಿ ಮೂರು ಸಂಖ್ಯೆ ಸಿಗುತ್ತವೆ. ಮೊದಲನೆಯದು ತಪ್ಪಿನ ಜಾತಿ, ಉಳಿದೆರಡು ಅದರ ವಿವರ. ಇವು ಸರ್ವರ್ ಮತ್ತು ಇಂಥ ಯಂತ್ರಗಳು ಮಾತಾಡಿಕೊಳ್ಳುವ ಸ್ಕಸಿ ಮಾನದಂಡದವು, ಯಾವ ಕಂಪನಿಯ ಯಂತ್ರವಾದರೂ ಅರ್ಥ ಒಂದೇ. ಮೊದಲ ಸಂಖ್ಯೆ 5 ಆಗಿದ್ದರೆ ಕೊಟ್ಟ ಆಜ್ಞೆಯೇ ಸರಿಯಿಲ್ಲ ಅಂತ. ಯಂತ್ರದ ಭಾಗ ಏನೂ ಕೆಟ್ಟಿರಲಿಕ್ಕಿಲ್ಲ. 4 ಆಗಿದ್ದರೆ ಹಾರ್ಡ್‌ವೇರ್.

ಉಳಿದೆರಡು ಸಂಖ್ಯೆ 3ಬಿ/0ಡಿ ಅಂತ ಬಂದರೆ ಇಡಬೇಕಾದ ಜಾಗ ಆಗಲೇ ತುಂಬಿದೆ. 3ಬಿ/0ಇ ಬಂದರೆ ತೆಗೆಯಬೇಕಾದ ಜಾಗ ಖಾಲಿ. ಯಾರೋ ಮ್ಯಾಗಜೀನ್ ಹೊರಗೆಳೆದು ಕೈಯಲ್ಲಿ ಟೇಪ್ ಬದಲಾಯಿಸಿದ್ದಾರೆ, ಸಾಫ್ಟ್‌ವೇರಿಗೆ ಹೇಳಿಲ್ಲ. ಲೈಬ್ರರಿಯಲ್ಲಿ ಇನ್‌ವೆಂಟರಿ ಮಾಡಿಸಿ, ಆಮೇಲೆ ಬ್ಯಾಕಪ್ ಸಾಫ್ಟ್‌ವೇರಿನಲ್ಲೂ ಸ್ಲಾಟ್ ಪಟ್ಟಿಯನ್ನು ಹೊಸದಾಗಿ ಓದಿಸಿ. ಬಾಕ್ಯುಲಾ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸುವವರು ಎರಡನೆಯದನ್ನು ಮರೆತು ಇಡೀ ಮಧ್ಯಾಹ್ನ ತಲೆಕೆಡಿಸಿಕೊಂಡದ್ದು ನೋಡಿದ್ದೇನೆ.

53/02 ಅಂದರೆ ಟೇಪ್ ಹೊರಗೆ ಬಿಡಬೇಡ ಅಂತ ಸರ್ವರ್ ಡ್ರೈವಿಗೆ ಹೇಳಿಟ್ಟಿದೆ. ರೋಬಾಟ್ ಬಂದು ಕಾಯುತ್ತಿದೆ, ಡ್ರೈವ್ ಕೊಡುತ್ತಿಲ್ಲ. ಸಾಫ್ಟ್‌ವೇರಿನಲ್ಲಿ ಆ ಟೇಪನ್ನು ಅನ್‌ಮೌಂಟ್ ಮಾಡಿ, ರಿವೈಂಡ್ ಮಾಡಿಸಿ, ಡ್ರೈವಿಗೆ ಆಫ್‌ಲೈನ್ ಆಜ್ಞೆ ಕೊಡಿ. ಆಮೇಲೆ ಅನ್‌ಲೋಡ್. ಎಲ್‌ಟಿಒ-8, ಅಂದರೆ ಎಂಟನೇ ತಲೆಮಾರಿನ ಟೇಪಿನಲ್ಲಿ 960 ಮೀಟರ್ ಉದ್ದದ ಪಟ್ಟಿ ಇದೆ. ಕೊನೆಯಲ್ಲಿದ್ದರೆ ಅಷ್ಟನ್ನೂ ಹಿಂದಕ್ಕೆ ಸುತ್ತಿಕೊಳ್ಳಬೇಕು. ಒಂದೆರಡು ನಿಮಿಷ ಸುಮ್ಮನೆ ಕಾಯಿರಿ.

ಕಾಯುವ ಮಾತು ಬಂದಾಗ ಇನ್ನೊಂದು. ಎಲ್‌ಟಿಒ-9ರ ಹೊಸ ಟೇಪನ್ನು ಮೊದಲ ಸಲ ಹಾಕಿದಾಗ ಡ್ರೈವ್ ಅದನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿದರೂ 2 ಗಂಟೆಯವರೆಗೂ ಹೋಗಬಹುದು. ಅಷ್ಟರೊಳಗೆ ಸಾಫ್ಟ್‌ವೇರ್ ಬೇಸತ್ತು ಟೈಮ್‌ಔಟ್ ಅಂತ ಬರೆಯುತ್ತದೆ, ನಾವು ರೋಬಾಟ್ ಕೆಟ್ಟಿತು ಅನ್ನುತ್ತೇವೆ. ಹೊಸ ಟೇಪ್‌ಗಳನ್ನು ಕೆಲಸವಿಲ್ಲದ ಹಗಲಿನಲ್ಲಿ ಒಂದೊಂದಾಗಿ ಹಾಕಿ ಮುಗಿಸಿಬಿಡಿ. ಅದೇ ರೀತಿ ಎಲ್‌ಟಿಒ-9 ಡ್ರೈವಿಗೆ ಎಲ್‌ಟಿಒ-7ರ ಟೇಪ್ ಕೊಟ್ಟರೆ ಅದು ಓದುವುದೇ ಇಲ್ಲ, ವಾಪಸ್ ತಳ್ಳುತ್ತದೆ. ಅದೂ ಲೋಡ್ ಆಗಲಿಲ್ಲ ಎಂಬ ದೂರಾಗಿಯೇ ನಿಮ್ಮ ಹತ್ತಿರ ಬರುತ್ತದೆ.

4/15/01 ಬಂದಿದೆಯೇ? ಯಾಂತ್ರಿಕವಾಗಿ ಜಾಗಕ್ಕೆ ತಲುಪಲಿಲ್ಲ ಎಂದು ಅದರ ಅರ್ಥ. ಹಾಗಿದ್ದರೆ ಮುಂದೆ ಓದಿ.

ಹಂತ 3: ಎಲ್ಲಿ ನಿಂತಿದೆ?

ಆನ್ ಆದ ಕೂಡಲೇ, ಹೋಮ್ ಹುಡುಕುವಾಗಲೇ ನಿಂತರೆ ಮೊದಲ ಅನುಮಾನ ಸಾಗಣೆ ಲಾಕಿನ ಮೇಲೆ. ಯಂತ್ರ ಹೊಸದಾಗಿ ಬಂದಿದ್ದರೆ ಅಥವಾ ಕಟ್ಟಡ ಬದಲಾಯಿಸಿದ್ದರೆ, ಪ್ರಯಾಣದಲ್ಲಿ ಕೈ ಅಲ್ಲಾಡದಂತೆ ಹಾಕಿದ ಲಾಕು ಹಾಗೆಯೇ ಉಳಿದಿರಬಹುದು. ನಗಬೇಡಿ, ಇದು ಆಗುತ್ತದೆ. ತೆಗೆದ ಲಾಕನ್ನು ಎಸೆಯದೆ ಯಂತ್ರದ ಹಿಂಬದಿಗೇ ಸಿಕ್ಕಿಸಿಡಿ, ಮುಂದೆ ಸಾಗಿಸುವಾಗ ಅದು ಬೇಕೇ ಬೇಕು. ಲಾಕು ಇಲ್ಲವೆಂದರೆ ಮ್ಯಾಗಜೀನ್‌ಗಳು ಕಟ್ ಅಂತ ಪೂರ್ತಿ ಕೂತಿವೆಯೋ, ಯಾವುದಾದರೂ ಟೇಪ್ ಸ್ಲಾಟಿನಿಂದ ಎರಡು ಮಿಲಿಮೀಟರ್ ಹೊರಚಾಚಿದೆಯೋ ಬೆರಳಾಡಿಸಿ ನೋಡಿ. ಆಮೇಲೆ ಸೆನ್ಸರ್. ಬೆಳಕಿನ ಕಿರಣ ತುಂಡಾಗುವುದನ್ನು ನೋಡಿ ಕೆಲಸ ಮಾಡುವ ಸೆನ್ಸರಿನ ಸಂದಿಯಲ್ಲಿ ಜೇಡನ ಬಲೆಯ ಒಂದು ಎಳೆಗೆ ಧೂಳು ಹಿಡಿದಿದ್ದರೂ ಸಾಕು, ಲೆಕ್ಕ ತಪ್ಪುತ್ತದೆ.

ನಡುದಾರಿಯಲ್ಲಿ ನಿಂತರೆ ಹಲ್ಲಿನ ಪಟ್ಟಿ ನೋಡಿ. ತೀರ್ಥಹಳ್ಳಿಯ ಒಂದು ಕಡೆ ಕೈ ಪ್ರತಿ ಸಲವೂ ಒಂದೇ ಎತ್ತರದಲ್ಲಿ, ಮೂರನೇ ಸಾಲಿನ ಹತ್ತಿರ, ‘ಟಕ್’ ಎಂದು ನಿಲ್ಲುತ್ತಿತ್ತು. ಟಾರ್ಚನ್ನು ಪಟ್ಟಿಗೆ ಓರೆಯಾಗಿ ಹಿಡಿದಾಗ ಎರಡು ಹಲ್ಲುಗಳ ನಡುವೆ ಅಕ್ಕಿ ಕಾಳಿನಷ್ಟು ಬಿಳಿ ಚೂರು ಕಂಡಿತು. ಮೇಲಿನ ಸ್ವಿಚ್ಚಿಗೆ ಹೊಸ ನೆಟ್‌ವರ್ಕ್ ಕೇಬಲ್ ಎಳೆದ ಹುಡುಗರು ಕತ್ತರಿಸಿ ಬಿಟ್ಟಿದ್ದ ಕೇಬಲ್ ಟೈ ತುದಿ. ಚಿಮುಟದಲ್ಲಿ ತೆಗೆದೆ, ಮುಗಿಯಿತು. ಒಂದೇ ಜಾಗದಲ್ಲಿ ನಿಂತರೆ ಅಡ್ಡಿ ಅಲ್ಲೇ ಇದೆ. ಬೇರೆ ಬೇರೆ ಕಡೆ ನಿಂತರೆ ಅಡ್ಡಿ ಹುಡುಕುವುದು ಬಿಟ್ಟು ಕೈ ಜೊತೆ ಓಡಾಡುವ ಚಪ್ಪಟೆ ಕೇಬಲನ್ನೋ ವಿದ್ಯುತ್ ಪೂರೈಕೆಯನ್ನೋ ಅನುಮಾನಿಸಿ. ಆ ಕೇಬಲ್ ಮಡಿಕೆಯಲ್ಲಿ ಬಿಳಿಚಿದ್ದರೆ ನೀವು ಮುಟ್ಟಬೇಡಿ, ಅದು ಎಂಜಿನಿಯರ್ ಕೆಲಸ.

ಇನ್ನೊಂದನ್ನು ಯಾರೂ ನೋಡುವುದಿಲ್ಲ: ರ‍್ಯಾಕ್ ಮಟ್ಟವಾಗಿದೆಯೇ? ಹಳೆಯ ಕಟ್ಟಡದ ಕೆಂಪು ಗಾರೆ ನೆಲದಲ್ಲಿ ರ‍್ಯಾಕಿನ ಒಂದು ಕಾಲು ಎತ್ತರ ಇದ್ದರೆ, ಮೇಲೆ ಭಾರದ ಯುಪಿಎಸ್ ಬ್ಯಾಟರಿ ಹೇರಿದ್ದರೆ, ಲೈಬ್ರರಿಯ ಪೆಟ್ಟಿಗೆ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಕೆಳಗೆ ಸರಾಗ ಓಡಿದ ಕೈ ಮೇಲೆ ಹೋಗುತ್ತಾ ಬಿಗಿಯಾಗುತ್ತದೆ. ಗಾರೆ ಕೆಲಸದವರ ರಸಮಟ್ಟ ತಂದು ಇಟ್ಟು ನೋಡಿ.

ಸ್ಲಾಟ್ ಅಥವಾ ಡ್ರೈವಿನ ಬಾಯಲ್ಲಿ ನಿಂತರೆ, ನನ್ನ ಅನುಭವದಲ್ಲಿ ಹೆಚ್ಚಿನ ಸಲ ಆಗುವುದು ಇದೇ, ತಪ್ಪು ಟೇಪಿನದು. ಸಾಗರದಲ್ಲೂ ಅದೇ ಆಗಿತ್ತು. ಮ್ಯಾಗಜೀನ್ ಹೊರಗೆ ಬಂದಾಗ ಆರನೇ ಟೇಪಿನ ಲೇಬಲ್ ಬೆಂಕಿಗೆ ಹಿಡಿದ ಹಪ್ಪಳದ ಅಂಚಿನ ಹಾಗೆ ಸುರುಳಿ ಎದ್ದಿತ್ತು. ಪೇಟೆಯ ಅಂಗಡಿಯಲ್ಲಿ ಸಾದಾ ಅಂಟು ಕಾಗದದ ಮೇಲೆ ಮುದ್ರಿಸಿದ್ದು. ಅದರ ಕೆಳಗೆ ಹಳೆಯ ಲೇಬಲ್, ಅದರ ಕೆಳಗೆ ಇನ್ನೊಂದು. ಮಳೆಗಾಲದ ತಂಡಿಗೆ ಅಂಟು ಬಿಟ್ಟು, ಎದ್ದ ಮೂಲೆ ಗ್ರಿಪ್ಪರಿನ ಬೆರಳಿಗೆ ಸಿಕ್ಕು, ಟೇಪ್ ಓರೆಯಾಗಿ ಸ್ಲಾಟಿನ ಗೋಡೆಗೆ ಕಚ್ಚಿತ್ತು. ಬೆರಳಿನ ಮೇಲೆ ಉಳಿದ ಅಂಟನ್ನು ಒರೆಸಲು ಹಿಡಿದ ಹೊತ್ತು ಟೇಪ್ ಬಿಡಿಸಿದ್ದಕ್ಕಿಂತ ಜಾಸ್ತಿ.

ಲೇಬಲ್ ವಿಚಾರದಲ್ಲಿ ಜಿಪುಣತನ ಬೇಡ. ಎಲ್‌ಟಿಒ ಲೇಬಲ್ ಅಂದರೆ ಕೋಡ್ 39 ಬಾರ್‌ಕೋಡ್, 8 ಅಕ್ಷರ. ಮೊದಲ ಆರು ಟೇಪಿನ ಹೆಸರು, ಕೊನೆಯ ಎರಡು ಅದರ ತಲೆಮಾರು. ಅದಕ್ಕೆಂದೇ ಮಾಡಿದ್ದು ಕೊಂಡು, ಟೇಪಿನ ಮುಂಭಾಗದ ತಗ್ಗಿನೊಳಗೇ ಅಂಟಿಸಿ. ಹಳೆಯದನ್ನು ಕಿತ್ತು ಹೊಸದು ಹಾಕಿ, ಒಂದರ ಮೇಲೊಂದು ಬೇಡವೇ ಬೇಡ.

ಡ್ರೈವಿನ ಬಾಯಲ್ಲಿ ನಿಂತಿದ್ದರೆ ಇನ್ನೊಂದು ಸಾಧ್ಯತೆ ಇದೆ. ಎಲ್‌ಟಿಒ ಟೇಪಿನ ತುದಿಯಲ್ಲಿ ಸಣ್ಣ ಲೋಹದ ಪಿನ್ ಇರುತ್ತದೆ, ಡ್ರೈವ್ ಅದನ್ನೇ ಹಿಡಿದು ಪಟ್ಟಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಟೇಪ್ ಒಮ್ಮೆ ನೆಲಕ್ಕೆ ಬಿದ್ದಿದ್ದರೆ ಈ ಪಿನ್ ಜಾಗ ತಪ್ಪಿರಬಹುದು. ಪಕ್ಕದ ಪುಟ್ಟ ಬಾಗಿಲನ್ನು ಮೆಲ್ಲಗೆ ಸರಿಸಿ ನೋಡಿ. ಪಿನ್ ನೆಟ್ಟಗೆ ಇಲ್ಲದ ಟೇಪನ್ನು ಮತ್ತೆ ಡ್ರೈವಿಗೆ ಕೊಡಬೇಡಿ.

ಹಂತ 4: ಸಿಕ್ಕಿಕೊಂಡ ಟೇಪ್ ಬಿಡಿಸುವುದು

ಇಲ್ಲಿ ಮಾತ್ರ ಕ್ರಮ ತಪ್ಪಬಾರದು.

1. ಮುಂಭಾಗದ ಬಟನ್ನಿನಿಂದಲೇ ಆಫ್ ಮಾಡಿ. ಸಾಧ್ಯವಾದರೆ ಕೈ ತನ್ನ ವಿಶ್ರಾಂತಿಯ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅದು ಸುಮ್ಮನಾದ ಮೇಲೆ ವಿದ್ಯುತ್ ತಂತಿ ಕಿತ್ತುಬಿಡಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ.

2. ಮೈಯ ಸ್ಥಾಯಿ ವಿದ್ಯುತ್ ಹರಿದುಹೋಗಲು ಮಣಿಕಟ್ಟಿನ ಪಟ್ಟಿ ಹಾಕಿ. ಬಾಗಿಲ ಸ್ವಿಚ್ಚಿಗೆ ಕಾಗದ ತುರುಕಿ, ಬಾಗಿಲು ತೆರೆದಿಟ್ಟೇ ಯಂತ್ರ ಓಡಿಸುವ ಸಾಹಸ ಬೇಡ. ಆ ತಟ್ಟೆಗೆ ನಿಮ್ಮ ಬೆರಳೂ ಒಂದು ಅಡ್ಡಿ ಅಷ್ಟೇ.

3. ಮ್ಯಾಗಜೀನ್ ಹೊರಗೆಳೆಯಿರಿ. ವಿದ್ಯುತ್ ಇಲ್ಲದಾಗ ಅದು ಲಾಕ್ ಆಗಿರುತ್ತದೆ; ಹೆಚ್ಚಿನ ಸಣ್ಣ ಲೈಬ್ರರಿಗಳಲ್ಲಿ ತುರ್ತು ಬಿಡುಗಡೆಗೆ ಒಂದು ತೂತು ಇರುತ್ತದೆ, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಸಾಕು. ಗ್ರಿಪ್ಪರ್ ಟೇಪನ್ನು ಅರ್ಧ ಹಿಡಿದುಕೊಂಡಿದ್ದರೆ ಮ್ಯಾಗಜೀನ್ ಬರುವುದಿಲ್ಲ. ಜೋರು ಮಾಡಿ ಎಳೆದರೆ ಗ್ರಿಪ್ಪರ್ ಬಾಗುತ್ತದೆ; ಐದು ನಿಮಿಷದ ಕೆಲಸ ಇಡೀ ರೋಬಾಟ್ ಬದಲಿಸುವಲ್ಲಿಗೆ ಹೋಗುತ್ತದೆ.

4. ಟೇಪ್ ಬೆರಳಿನ ಮೆಲುಒತ್ತಡಕ್ಕೆ ಯಾವ ಕಡೆ ಸರಾಗ ಜಾರುತ್ತದೋ ಆ ಕಡೆಗೆ ಸರಿಸಿ. ಎರಡೂ ಕಡೆ ಜಾರದಿದ್ದರೆ ಅಲ್ಲಿಗೇ ನಿಲ್ಲಿಸಿ.

5. ಡ್ರೈವಿನೊಳಗೆ ಅರ್ಧ ಹೋಗಿ ಕೂತ ಟೇಪನ್ನು ಎಳೆಯಲೇಬೇಡಿ. ಪಟ್ಟಿ ಒಳಗೆ ಸುತ್ತಿಕೊಂಡಿರಬಹುದು. ವಿದ್ಯುತ್ ಕೊಟ್ಟು ಡ್ರೈವಿನದೇ ಎಜೆಕ್ಟ್ ಪ್ರಯತ್ನಿಸಿ, ಆಗದಿದ್ದರೆ ಎಂಜಿನಿಯರ್‌ಗೆ ಬಿಡಿ.

ಎಣ್ಣೆ ಬಗ್ಗೆ ಒಂದು ಮಾತು. ಒಂದು ಕಡೆ ಕೈ ಬಿಗಿಯಾಗಿದೆ ಅಂತ ಯಾರೋ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟಿದ್ದರು. ಎರಡು ದಿನ ಬೆಣ್ಣೆಯ ಹಾಗೆ ಓಡಿತಂತೆ. ಆಮೇಲೆ ಧೂಳೆಲ್ಲ ಅಲ್ಲೇ ಕೂತು ಕಪ್ಪು ಮಡ್ಡಿಯಾಯಿತು. ಕೈಪಿಡಿ ಹೇಳದೆ ಎಣ್ಣೆ, ಗ್ರೀಸ್, ಸ್ಪ್ರೇ ಯಾವುದೂ ಬೇಡ. ಬಾರ್‌ಕೋಡ್ ಕಣ್ಣಿಗೆ ನೂಲು ಬಿಡದ ಒಣ ಬಟ್ಟೆ, ಡ್ರೈವಿನ ಹೆಡ್‌ಗೆ ಕ್ಲೀನಿಂಗ್ ಟೇಪ್, ಅಷ್ಟೇ.

ಹಂತ 5: ನಮ್ಮ ಕಡೆಯ ವಿಶೇಷ

‘ಮಲೆನಾಡಲ್ಲಿ ಎಸಿ ಯಾಕೆ ಮಾರಾಯ್ರೆ, ತಣ್ಣಗೇ ಇದೆಯಲ್ಲ’ ಅನ್ನುವ ಮಾತನ್ನು ಎಷ್ಟು ಆಡಳಿತ ಮಂಡಳಿಗಳ ಬಾಯಲ್ಲಿ ಕೇಳಿದ್ದೇನೋ. ಎಸಿ ಬೇಕಿರುವುದು ತಂಪಿಗಿಂತ ಹೆಚ್ಚಾಗಿ ತೇವ ತೆಗೆಯಲು. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಎಲ್‌ಟಿಒ ಟೇಪನ್ನು ಬಹುಕಾಲ ಇಡಲು ಬೇಕಾದ್ದು 16ರಿಂದ 25 ಡಿಗ್ರಿ ಉಷ್ಣತೆ, ಶೇ 20ರಿಂದ 50ರಷ್ಟು ಆರ್ದ್ರತೆ. ಬಳಕೆಯಲ್ಲಿದ್ದಾಗ ಶೇ 80ರವರೆಗೆ ತಡೆದುಕೊಳ್ಳುತ್ತದೆ, ಆದರೆ ನೀರು ಹನಿಗಟ್ಟಬಾರದು.

ಹನಿಗಟ್ಟುವುದು ಹೀಗೆ. ಹೊರಗೆ 26 ಡಿಗ್ರಿ, ಆರ್ದ್ರತೆ ಶೇ 90 ಇದ್ದರೆ 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಆ ಗಾಳಿ ನೀರು ಬಿಡುತ್ತದೆ. ಎಸಿಯಲ್ಲಿ 20 ಡಿಗ್ರಿಗೆ ತಣ್ಣಗಾದ ಲೈಬ್ರರಿಯ ಕೋಣೆಗೆ ಕಿಟಕಿ ತೆರೆದು ಆ ಗಾಳಿ ಬಿಟ್ಟರೆ, ರೋಬಾಟಿನ ಸರಳು, ಸೆನ್ಸರ್, ಟೇಪ್ ಎಲ್ಲವೂ ಬೆವರುತ್ತವೆ. ಎಸಿ ಆಫ್ ಮಾಡಿ ಕಿಟಕಿ ತೆರೆದು ಕಸ ಗುಡಿಸುವ ಅಭ್ಯಾಸ ಇದ್ದರೆ ಸರ್ವರ್ ಕೋಣೆಗೆ ಅದು ಬೇಡ ಅಂತ ಹೇಳಿ. ಬ್ಯಾಂಕಿನ ಲಾಕರಿನಿಂದಲೋ ಇನ್ನೊಂದು ಊರಿನಿಂದಲೋ ತಂದ ಟೇಪನ್ನು ಡಬ್ಬಿ ಸಮೇತ 24 ಗಂಟೆ ಕೋಣೆಯಲ್ಲಿಟ್ಟು ಆಮೇಲೆ ಹಾಕಿ. ನೂರಿನ್ನೂರು ರೂಪಾಯಿಯ ಆರ್ದ್ರತೆ ಮೀಟರ್ ಒಂದನ್ನು ರ‍್ಯಾಕಿನೊಳಗೇ ತೂಗುಹಾಕಿ; ಗೋಡೆಯ ಮೇಲಿದ್ದರೆ ಅದು ಗೋಡೆಯ ಕಥೆ ಹೇಳುತ್ತದೆ.

ಮಳೆಗಾಲಕ್ಕಿಂತ ಮುಂಚಿನ ಭರಣಿ, ಕೃತ್ತಿಕೆಯ ಗುಡುಗು ಸಿಡಿಲು ಇನ್ನೊಂದು ಕಾಟ. ಕರೆಂಟ್ ಪೂರ್ತಿ ಹೋದರೆ ತೊಂದರೆ ಕಡಿಮೆ, ಕಣ್ಣು ಮಿಟುಕಿಸಿ ಬಂದರೆ ಹೆಚ್ಚು. ಕೈ ಓಡುತ್ತಿರುವಾಗ ಯಂತ್ರ ರೀಸೆಟ್ ಆದರೆ ಟೇಪ್ ಹಿಡಿತದಲ್ಲೇ ಉಳಿದು, ಎದ್ದ ಮೇಲೆ ‘ಇದು ಎಲ್ಲಿಂದ ಬಂತು’ ಅಂತ ಅದಕ್ಕೇ ಗೊತ್ತಾಗುವುದಿಲ್ಲ. ಸರ್ವರಿಗೆ ಯುಪಿಎಸ್ ಕೊಟ್ಟು ಲೈಬ್ರರಿಯನ್ನು ಗೋಡೆಯ ಪ್ಲಗ್ಗಿಗೆ ಹಾಕಿದ ಕಡೆಗಳು ಬೇಕಾದಷ್ಟಿವೆ. ಮೊದಲು ಅದನ್ನು ಸರಿಮಾಡಿ, ಅರ್ಥಿಂಗ್ ಅಳೆಯಿಸಿ.

ಹಲ್ಲಿ ಮತ್ತು ಇರುವೆಗೆ ಬೆಚ್ಚಗಿನ ಜಾಗ ಇಷ್ಟ. ಯಂತ್ರದ ಖಾಲಿ ಜಾಗಗಳ ಮುಚ್ಚಳ ಕಳೆದುಹೋಗಿದ್ದರೆ ಹಾಕಿಸಿ, ಸರ್ವರ್ ಕೋಣೆಯಲ್ಲಿ ಚಹಾ ಬಿಸ್ಕತ್ತು ತಿನ್ನುವುದನ್ನು ಬಿಡಿಸಿ.

ಹಂತ 6: ಸರಿಯಾಯಿತು ಅನ್ನುವ ಮುಂಚೆ

ದೀಪ ಹಸಿರಾದ ಕೂಡಲೇ ರಾತ್ರಿಯ ಜಾಬ್ ಬಿಡಬೇಡಿ. ಖಾಲಿ ಟೇಪ್ ಒಂದನ್ನು ಹಿಡಿದು ಅತಿ ಕೆಳಗಿನ ಮೊದಲ ಸ್ಲಾಟಿನಿಂದ ಅತಿ ಮೇಲಿನ ಕೊನೆಯ ಸ್ಲಾಟಿಗೆ, ಎಡದಿಂದ ಬಲಕ್ಕೆ, ಹೊರಗಿನಿಂದ ಟೇಪ್ ಹಾಕಿ ತೆಗೆಯುವ ‘ಮೇಲ್ ಸ್ಲಾಟ್’ಗೆ, ಪ್ರತಿ ಡ್ರೈವಿಗೂ ಹಾಕಿ ತೆಗೆಯಿರಿ. ನಾಲ್ಕೂ ಮೂಲೆ ಮುಟ್ಟಬೇಕು. ಲೈಬ್ರರಿಯಲ್ಲೇ ಸ್ವಯಂ ಪರೀಕ್ಷೆ ಇದ್ದರೆ ಅದನ್ನೂ ಒಂದು ಗಂಟೆ ಓಡಿಸಿ, ಪಕ್ಕದಲ್ಲಿ ಕೂತು ಸದ್ದು ಕೇಳಿ. ಒಂದು ಕಡೆ ಸದ್ದು ಬದಲಾದರೆ ಆ ಸ್ಲಾಟಿನ ಸಂಖ್ಯೆ ಬರೆದುಕೊಳ್ಳಿ.

ಸಿಕ್ಕಿಕೊಂಡಿದ್ದ ಟೇಪನ್ನು ಈ ಪರೀಕ್ಷೆಗೆ ಬಳಸಬೇಡಿ. ಹೊರಗಿನ ಪೆಟ್ಟಿಗೆ ಬಿರಿದಿಲ್ಲ, ಪಿನ್ ನೆಟ್ಟಗಿದೆ ಅಂತ ಖಾತ್ರಿಯಾದರೆ ಒಂದು ಸಲ ಓದಿ, ಅದರಲ್ಲಿದ್ದುದನ್ನು ಬೇರೆ ಟೇಪಿಗೆ ಇಳಿಸಿ, ಅದನ್ನು ಕೆಲಸದಿಂದ ತೆಗೆದುಬಿಡಿ. ಒಂದು ಟೇಪಿನ ಬೆಲೆಗೆ ಆಸೆಪಟ್ಟರೆ ಡ್ರೈವ್ ಹೋದೀತು.

ಎಂಜಿನಿಯರನ್ನು ಕರೆಯಬೇಕಾದರೆ

ಅಡ್ಡಿ ತೆಗೆದ ಮೇಲೂ ಅದೇ ದಿಕ್ಕಿನ ಓಟದಲ್ಲಿ ಮತ್ತೆ ನಿಂತರೆ, ಸುಟ್ಟ ವಾಸನೆ ಬಂದರೆ, ಚಪ್ಪಟೆ ಕೇಬಲ್ ಕಿತ್ತಿದ್ದರೆ, ಟೇಪ್ ಡ್ರೈವಿನಲ್ಲೇ ಉಳಿದರೆ ಕರೆಯಿರಿ. ‘ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿ’ ಅಂತ ಫೋನಿನಲ್ಲಿ ಯಾರಾದರೂ ಹೇಳಿದರೆ, ಕೈ ಅರ್ಧದಲ್ಲಿ ಸಿಕ್ಕಿರುವಾಗ ಒಪ್ಪಬೇಡಿ. ಮೊದಲು ಅದು ಹೋಮ್ ತಲುಪಲಿ. ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ, ಇಳಿಸಿಕೊಂಡ ಲಾಗ್, ಮೊದಲ ಫೋಟೊ, ನೀವು ಏನೇನು ಮಾಡಿದಿರಿ ಅನ್ನುವ ಪಟ್ಟಿ ಇವನ್ನು ಮೊದಲೇ ಕಳಿಸಿದರೆ ಅವರು ಸರಿಯಾದ ಬಿಡಿಭಾಗವನ್ನೇ ಹೊತ್ತು ಬರುತ್ತಾರೆ. ಇಲ್ಲದಿದ್ದರೆ ಒಮ್ಮೆ ನೋಡಲು, ಇನ್ನೊಮ್ಮೆ ಹಾಕಲು ಅಂತ ಎರಡು ಸಲ ಘಟ್ಟದ ಕಡೆಗೆ ಪ್ರಯಾಣ. ಮೂರು ಸಲ ಆಫ್ ಮಾಡಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಅವರು ಬರುವವರೆಗೂ ಇವತ್ತಿನ ಬ್ಯಾಕಪ್ ಆಗಬೇಕಲ್ಲ. ರೋಬಾಟ್ ನಿಂತರೂ ಡ್ರೈವ್ ಬದುಕಿರುತ್ತದೆ. ಒಳಗೆ ಬರೆಯಬಹುದಾದ ಟೇಪ್ ಇದ್ದರೆ, ಸಾಫ್ಟ್‌ವೇರಿನಲ್ಲಿ ಆ ಡ್ರೈವನ್ನು ಒಂಟಿ ಡ್ರೈವ್ ಎಂದು ತೋರಿಸಿ ರಾತ್ರಿಯ ಬ್ಯಾಕಪನ್ನು ಅದಕ್ಕೇ ಬರೆಸಿ. ಟೇಪ್ ಇಲ್ಲವೆಂದರೆ ದೊಡ್ಡ ಯುಎಸ್‌ಬಿ ಡಿಸ್ಕ್ ಒಂದಕ್ಕೆ ಲೆಕ್ಕಪತ್ರದ ಡೇಟಾಬೇಸನ್ನಾದರೂ ತೆಗೆದುಕೊಂಡು, ಸಂಜೆ ಬೀಗ ಹಾಕಿ ಹೊರಡುವಾಗ ಆ ಡಿಸ್ಕನ್ನು ಬೇರೆ ಕಟ್ಟಡದಲ್ಲಿಟ್ಟು ಹೋಗಿ.